ಮಾವನ ತೊಂಬತ್ತಾರನೇ ಇಸವಿ

ಸ್ಕಾಟ್ಲೆಂಡಿನ ಇತಿಹಾಸ ನನ್ನ ಸೋದರಮಾವನಷ್ಟು ತಿಳಿದವರು ಇಡೀ ಅಬುಧಾಬಿಯಲ್ಲಿ ಇಲ್ಲ. ಷರತ್ತು ಒಂದೇ: ೧೯೯೬ ಬಿಟ್ಟು ಬೇರೆ ಇಸವಿ ಕೇಳಬಾರದು! ತೊಂಬತ್ತೈದರಲ್ಲಿ ಅಲ್ಲಿ ಜನ ಇದ್ದರೋ ಇಲ್ಲವೋ, ಅವರಿಗೆ ಗೊತ್ತಿಲ್ಲ.

ಆ ವರ್ಷ ಮಂಗಳೂರಿನಿಂದ ಬಂದು ಅವರು ಸೇರಿದ ಕಚೇರಿಯ ಮ್ಯಾನೇಜರ್ ಸ್ಕಾಟ್ಲೆಂಡಿನವನು. ಮನೆ ನೆನಪಾದಾಗಲೆಲ್ಲ ಮಾವನನ್ನು ಕೂರಿಸಿಕೊಂಡು ತನ್ನ ದೇಶದ ಸುದ್ದಿ ಹೇಳುತ್ತಿದ್ದ. ವರ್ಷ ಮುಗಿಯುತ್ತಲೇ ಆತ ಹೊರಟುಹೋದ; ಮಾವನ ಇತಿಹಾಸವೂ ಅಲ್ಲಿಗೇ ಖಲಾಸ್.

ನಾನೋ, ಶಾಲೆಯಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು. ಪುರಾವೆಯಿಲ್ಲದೆ ಉಪ್ಪನ್ನೂ ಉಪ್ಪೆಂದು ಒಪ್ಪದವಳು. ರಜೆಯ ದಿನ ನಾನಿರುವ ಅಲ್ ಕುಸೈಸ್‌ನಿಂದ ಅಬುಧಾಬಿಯ ಅವರ ಮನೆಗೆ ಹೋಗುತ್ತಿದ್ದುದು ವಾದಕ್ಕೆ. (ಊಟವನ್ನೂ ಬಿಡುತ್ತಿರಲಿಲ್ಲ.)

ಒಮ್ಮೆ, ಅತ್ತೆಯ ಕೋಳಿಸಾರು ಹೋದ ವಾರದ್ದರಂತೆಯೇ ಇದೆ ಎಂದೆ. ತೊಂಬತ್ತಾರರಲ್ಲಿ ಒಂದು ಕುರಿಯಂತೆಯೇ ಇನ್ನೊಂದನ್ನು ಮಾಡಲು ಅಲ್ಲಿ ವಿಜ್ಞಾನಿಗಳೇ ಬೇಕಾಯಿತು, ಇವಳು ಒಬ್ಬಳೇ ಮಾಡುತ್ತಾಳೆ ಎಂದರು ಮಾವ. ತದ್ರೂಪಿ ಕುರಿಗೂ ಸಾರಿಗೂ ಇರುವ ವ್ಯತ್ಯಾಸವನ್ನು ನಾನು ಸೋದಾಹರಣವಾಗಿ ವಿವರಿಸಿ ಮುಗಿಸುವಷ್ಟರಲ್ಲಿ ತುಂಡುಗಳೆಲ್ಲ ಅವರ ತಟ್ಟೆ ಸೇರಿದ್ದವು. ವಾದ ನನ್ನದು, ಕೋಳಿ ಅವರದು!

ಡ್ರೈವಿಂಗ್ ಟೆಸ್ಟ್‌ನಲ್ಲಿ ನಾನು ಮತ್ತೆ ಫೇಲಾಗಿ ಪರೀಕ್ಷಕರ ತಪ್ಪುಗಳನ್ನು ವಿವರಿಸುತ್ತಿದ್ದಾಗ, ಮಾವ ತೊಂಬತ್ತಾರರ ಫುಟ್‌ಬಾಲಿನಲ್ಲಿ ಇಂಗ್ಲೆಂಡ್ ಎದುರು ಸ್ಕಾಟ್ಲೆಂಡ್ ಹಾಳುಮಾಡಿಕೊಂಡ ಪೆನಾಲ್ಟಿಯ ಕತೆ ತೆಗೆದರು.

"ಚೆಂಡೇ ಅಲುಗಾಡಿತು ಅಂತ ಅವರೂ ಹೇಳಿದ್ರು ಮಾರಾಯ್ತಿ."

ಇಂಥವರಿಗೆ ಈ ವರ್ಷ ನಿವೃತ್ತಿ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆಯೂ ಹೋಯಿತು. ಮೂವತ್ತು ವರ್ಷದ ಸಂಸಾರವನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುವಾಗಲೂ ಮಾವನ ಮುಖದಲ್ಲಿ ನಗು. ಸ್ಕಾಟ್ಲೆಂಡಿನ ರಾಜರ ಪಟ್ಟಾಭಿಷೇಕದ ಕಲ್ಲನ್ನು ಇಂಗ್ಲೆಂಡಿನವರು ಹೊತ್ತೊಯ್ದಿದ್ದರಂತೆ. ಏಳುನೂರು ವರ್ಷದ ಮೇಲೆ, ತೊಂಬತ್ತಾರರಲ್ಲಿ, ಅದು ಮರಳಿ ಊರು ಸೇರಿತಂತೆ. ಕಲ್ಲೇ ಹೋಯಿತು, ನಾನು ಹೋಗುವುದರಲ್ಲಿ ಏನು ವಿಶೇಷ ಎಂದರು. ಅತ್ತೆ ತಲೆಯಾಡಿಸಿದರು.

ಇಷ್ಟು ದುರ್ಬಲ ವಾದವನ್ನು ಸುಮ್ಮನೆ ಬಿಟ್ಟರೆ ನನ್ನ ಕಪ್ಪುಗಳಿಗೆ ಅವಮಾನವಲ್ಲವೇ? ಎದ್ದು ನಿಂತೆ. ಕಲ್ಲನ್ನು ಬಲವಂತವಾಗಿ ಒಯ್ದದ್ದು, ನೀವು ಬಂದದ್ದು ಇಷ್ಟಪಟ್ಟು. ಕಲ್ಲಿಗೆ ಸ್ನೇಹಿತರಿಲ್ಲ, ನಿಮಗೆ ಬೀದಿ ತುಂಬ ಇದ್ದಾರೆ. ಕೊನೆಗೆ ಬ್ರಹ್ಮಾಸ್ತ್ರ:

"ಅಲ್ಲ ಮಾವ, ಹೋಗ್ಲಿಕ್ಕೆ ಮನಸ್ಸು ಉಂಟಾ ಅಂತ ಆ ಕಲ್ಲಿನ ಹತ್ರ ಯಾರಾದ್ರೂ ಕೇಳಿದ್ರಾ?"

ಮಾವ ಟೇಪಿನ ತುದಿ ಹುಡುಕುತ್ತಿದ್ದರು.

"ಇಲ್ಲ ಮಗಾ," ಎಂದರು. "ನನ್ನ ಹತ್ರವೂ ಕೇಳ್ಲಿಲ್ಲ."

ಅವರೆದುರು ನಾನು ಪೂರ್ತಿ ಗೆದ್ದ ವಾದ ಅದೊಂದೇ. ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆಯ ಬಾಯಿ ಒತ್ತಿ ಹಿಡಿದೆ. ಅವರು ಟೇಪ್ ಎಳೆದರು. ಸಾಕಾದ ಮೇಲೂ ಇಬ್ಬರೂ ಸುತ್ತುತ್ತಲೇ ಇದ್ದೆವು. ನಿಲ್ಲಿಸಿದರೆ ಮಾತಾಡಬೇಕಾಗುತ್ತಿತ್ತು.