ಅಪ್ಪನ ಕಂಪ್ಯೂಟರಿಗೆ ಒದ್ದೆ ಬಟ್ಟೆ

ನನಗೆ ಟೋಪಿ ಹಾಕುವ ಅಂಗಡಿಯವನು ಚಳ್ಳಕೆರೆಯಲ್ಲಿ ಇನ್ನೂ ಹುಟ್ಟಿಲ್ಲ! ನಾನು ಸಂತೆಗೆ ಕಾಲಿಟ್ಟರೆ ಟೊಮೆಟೊ ಮಾರುವವರು ಬುಟ್ಟಿಗೆ ಗೋಣಿಚೀಲ ಮುಚ್ಚುತ್ತಾರೆ. ಒಂದು ಸೀರೆ ಕೊಂಡರೆ ಜೊತೆಗೆ ಕೈಚೀಲ, ಕ್ಯಾಲೆಂಡರು, ಮಾಲೀಕನ ಮುಖದ ಕಳೆ, ಮೂರನ್ನೂ ಕಿತ್ತುಕೊಂಡು ಬರುವವಳು ನಾನು. ಹೀಗಿರುವಾಗ ಹೋದ ದಸರೆಗೆ ಮೊದಲು, "ಅಪ್ಪ ಅವ್ವನ ಮನೆಗೆ ಕಂಪ್ಯೂಟರನ್ನು ನಾನೇ ಆರಿಸುತ್ತೇನೆ, ಅದೂ ಅಗ್ಗದಲ್ಲಿ, ಯಾರೂ ಬಾಯಿ ಹಾಕಕೂಡದು!" ಎಂದು ಘೋಷಿಸಿದ್ದರಲ್ಲಿ ವಿಶೇಷವೇನಿಲ್ಲ.

ಬಾಯಿ ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ. ಎಣ್ಣೆ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಯಜಮಾನರು, ಪ್ರಭು.

"ಅಲ್ಲ ನಿರ್ಮಲಾ, ಗೊತ್ತಿದ್ದೋರನ್ನ ಒಂದ್ಮಾತು ಕೇಳಬಾರದಾ?"

"ಕಾಲೇಜು ಆಫೀಸ್ನಾಗೆ ಹದಿನೈದು ವರ್ಷದಿಂದ ಕಂಪ್ಯೂಟರ್ ಕುಟ್ತಾ ಇದೀನಿ. ನನಗಿಂತ ಗೊತ್ತಿದ್ದೋರು ಯಾರ್ರೀ? ಶೇಂಗಾ ಹಿಂಡಿ ವಿಚಾರ ಇದ್ರೆ ನೀವು ಹೇಳ್ರಿ!"

"ಹಿಂಡೋದ್ರಾಗೆ ನಮ್ಮ ಮಿಲ್ಲಿಗಿಂತ ನೀನೇ ಮೇಲು ಬಿಡು," ಎಂದು ಅವರು ಪೇಪರ್ ಅಡ್ಡ ಹಿಡಿದರು.

ನನ್ನ ಅಪ್ಪ ರಾಜಣ್ಣ, ಅವ್ವ ಜಗದಾಂಬ ಇರುವುದು ಮೊಳಕಾಲ್ಮೂರಿನಲ್ಲಿ. ಮನೆಯಲ್ಲೇ ಮಗ್ಗ. ಅವ್ವ ರೇಷ್ಮೆ ಸುತ್ತುತ್ತಾಳೆ, ಅಪ್ಪ ನೇಯುತ್ತಾನೆ. ನೇಯುವವರು ಊರ ತುಂಬ ಇದ್ದಾರೆ, ಆದರೆ ಅಪ್ಪ ಡಿಸೈನು ಬರೆಯುವವನು. ಗ್ರಾಫ್ ಹಾಳೆಯ ಮೇಲೆ ಒಂದೊಂದು ಮನೆಗೆ ಒಂದೊಂದು ಚುಕ್ಕಿ ಇಟ್ಟು ಹಂಸ, ನವಿಲು, ಗಂಡಭೇರುಂಡ ಎಬ್ಬಿಸುವವನು. ಆ ಹಾಳೆ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಾರೆ. ಕಾರ್ಡು ಸವೆದರೆ ಚಿಂತೆಯಿಲ್ಲ, ಹಾಳೆ ನೋಡಿ ಇನ್ನೊಂದು ಹೊಡೆಸಬಹುದು. ಹಾಳೆ ಹೋದರೆ ಡಿಸೈನೇ ಹೋದಂತೆ. ಇಂಥ ನಲವತ್ತು ವರ್ಷದ ಹಾಳೆಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು.

ಈಚೆಗೆ ಅಪ್ಪನ ಕಣ್ಣು ಮಂಜಾಗಿ ಆ ಸಣ್ಣ ಮನೆಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. "ದೊಡ್ಡದಾಗಿ ಕಾಣೋ ಅಂಥದ್ದೇನಾದ್ರೂ ಬರ್ತೈತೇನವ್ವಾ?" ಎಂದು ಅವನು ಕೇಳಿದ್ದೇ ಈ ಕಥೆಯ ಮೂಲ.

ಚಳ್ಳಕೆರೆಯಲ್ಲಿ ಹಳೆಯ ಕಂಪ್ಯೂಟರ್ ಮಾರುವ ಜಾಕಿರ್ ಅವರ ಅಂಗಡಿಗೆ ದಂಡಯಾತ್ರೆ ಹೊರಟೆ. ಅವರು ಒಂದು ದೊಡ್ಡ ಪರದೆಯ ಸೆಟ್ಟು ತೋರಿಸಿದರು.

"ಮೇಡಮ್ಮೋರೇ, ನಿಮ್ಮ ತಂದೆಯೋರಿಗೆ ಇದು ಬರಾಬರ್ ಆಗ್ತೈತೆ. ಆದ್ರೆ ಹಳೇ ಮಾಲು, ಒಳಗಿನ ಡಿಸ್ಕ್ ಮೇಲೆ ಪೂರಾ ಭರೋಸಾ ಇಡಬ್ಯಾಡ್ರಿ. ಜೊತೆಗೊಂದು ಪೆನ್‌ಡ್ರೈವ್ ತಗಳ್ರಿ. ಮುಖ್ಯವಾದದ್ದಕ್ಕೆಲ್ಲಾ ಅದ್ರಾಗೊಂದು ಕಾಪಿ ಇರ್ಲಿ."

ನೋಡಿದಿರಾ ಚಾಲಾಕಿತನ! ಒಂದು ಕೊಳ್ಳಲು ಹೋದವಳಿಗೆ ಎರಡು ಕಟ್ಟುವ ಹುನ್ನಾರ! ನಾನು ಬಿಡುತ್ತೇನೆಯೇ? "ಪೆನ್‌ಡ್ರೈವ್ ಬ್ಯಾಡ, ಏನಿಲ್ಲ ಬ್ಯಾಡ. ಅದ್ರ ಬದ್ಲು ಮೌಸ್ ಕೆಳಗೆ ಹಾಕೋ ಆ ಚಾಪೆ ಪುಕ್ಕಟೆ ಕೊಡ್ರಿ!" ಎಂದು ಗಿಳಿಯ ಚಿತ್ರದ ಚಾಪೆಯನ್ನು ಗೆದ್ದುಕೊಂಡೆ. ಜಾಕಿರ್ ಪಾಪ, ಮೊಳಕಾಲ್ಮೂರಿನಲ್ಲಿ ತಮ್ಮ ಮಾವನ ಮನೆಯಿದೆ ಎಂದು ಕೂಲಿಯನ್ನೂ ಕೇಳದೆ ಬಂದು ಜೋಡಿಸಿಕೊಟ್ಟರು. ಆ ಹೊತ್ತಿಗೆ ನಾನು ಓಣಿಯಲ್ಲಿ ನಿಂತು ನನ್ನ ವ್ಯಾಪಾರದ ಜಾಣ್ಮೆಯನ್ನು ಅಕ್ಕಪಕ್ಕದವರಿಗೆ ಬಣ್ಣಿಸುತ್ತಿದ್ದೆ.

ಪ್ರಿನ್ಸಿಪಾಲರ ಕೈಕಾಲು ಹಿಡಿದು ಕಾಲೇಜಿನ ಸ್ಕ್ಯಾನರನ್ನು ದಸರಾ ರಜೆಗೆ ಎರವಲು ತಂದಿದ್ದೆ. ಹತ್ತು ದಿನ ಕೂತು ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆ. ಪರದೆಯ ಮೇಲೆ ಹಂಸವೊಂದು ಹಿತ್ತಾಳೆ ಕೊಡದಷ್ಟು ದೊಡ್ಡದಾಗಿ ಕಂಡಾಗ ಅಪ್ಪ ಕುರ್ಚಿಯಿಂದ ಎದ್ದೇ ನಿಂತ. ಅದರ ಕಣ್ಣಿನ ಮೇಲೆ ಬೆರಳಿಟ್ಟು, "ಈ ಚುಕ್ಕಿ ಇಟ್ಟಿದ್ದು ನೀನು ಹುಟ್ಟಿದ ವಾರ ಕಣವ್ವ," ಅಂದ. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ನನ್ನ ಮೇಲೆ ಬಹಳ ಪ್ರೀತಿ ಬಂತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗೆದ್ದವಳ ಕೈ ಸುಮ್ಮನಿರುತ್ತದೆಯೇ? ಕಣ್ಣು ಟ್ರಂಕಿನ ಮೇಲೆ ಬಿತ್ತು.

"ಅಪ್ಪಾ, ಈ ಹಾಳೆಗೆ ಹುಳ ಬಿದ್ದಾವೆ. ನಾಳೆ ರೇಷ್ಮೆಗೆ ಹತ್ತಿದ್ರೆ? ಎಲ್ಲಾ ಕಂಪ್ಯೂಟರ್ನಾಗೆ ಭದ್ರವಾಗೈತೆ. ಇನ್ಯಾಕೆ ಈ ಕಸ?"

ಅಪ್ಪ ಟ್ರಂಕಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ, "ಇರ್ಲಿ ಬಿಡವ್ವ, ಒಂದ್ಮೂಲೆಗೆ ಬಿದ್ದಿರ್ತಾವೆ," ಅಂದ.

"ಕಾಲ ಬದಲಾಗೈತಪ್ಪಾ!"

ಅವನು ಕೈ ತೆಗೆದ. ನಾನು ಕಂತೆ ಕಂತೆಯಾಗಿ ಬಚ್ಚಲ ಒಲೆಗೆ ಹಾಕಿದೆ. ಹಳೆಯ ಕಾಗದ, ಚೆನ್ನಾಗಿ ಉರಿಯಿತು. ಅಪ್ಪನ ನಲವತ್ತು ವರ್ಷ ಹಾಕಿ ಕಾಯಿಸಿದ ನೀರಿನಲ್ಲಿ ಹಿತವಾಗಿ ತಲೆಸ್ನಾನ ಮಾಡಿ, ಅವ್ವ ಮಾಡಿದ ಒಬ್ಬಟ್ಟು ಡಬ್ಬಿಗೆ ಕಟ್ಟಿಸಿಕೊಂಡು, ನಾನು ಚಳ್ಳಕೆರೆ ಬಸ್ಸು ಹತ್ತಿದೆ!

ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಒಣಗಿ ರೇಷ್ಮೆ ಎಳೆ ಪಟಪಟ ಹರಿಯುತ್ತದೆ. ಅದಕ್ಕೆ ನೇಕಾರರ ಮನೆಯಲ್ಲಿ ಒಂದು ರೂಢಿ. ಮಧ್ಯಾಹ್ನ ಊಟಕ್ಕೆ ಏಳುವಾಗ ಮಗ್ಗದ ಎಳೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ ಏಳುತ್ತಾರೆ. ಮಗು ಮಲಗಿಸಿದ ಹಾಗೆ. ಅಪ್ಪ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ.

ಒಂದು ಮಧ್ಯಾಹ್ನ ಅವ್ವನ ಫೋನು.

"ನಿಮ್ಮಪ್ಪನ ಮಿಷನ್ನು ಪಟ್ ಅಂತು ಕಣೇ. ಹೊಗೆನೂ ಬಂತು."

"ಏನ್ ಮಾಡಿದ್ರಿ?"

"ಏನೂ ಇಲ್ಲ. ಡಬ್ಬಿ ಮುಟ್ಟಿ ನೋಡಿದ್ರೆ ಕೆಂಡ! ಪಾಪ ಎಷ್ಟು ಧಗೆ ಆಗೈತೋ ಅಂತ ಒದ್ದೆ ಪಂಚೆ ಹೊದಿಸಿ ಊಟಕ್ಕೆ ಕೂತ್ರು."

ಜಾಕಿರ್ ಅಂಗಡಿಯಲ್ಲಿ ಡಬ್ಬಿ ಬಿಚ್ಚಿದಾಗ ಒಳಗಿನಿಂದ ಎರಡು ಹನಿ ನೀರು ಮೇಜಿನ ಮೇಲೆ ಬಿತ್ತು. ಡಿಸ್ಕನ್ನು ಬೆಂಗಳೂರಿಗೆ ಕಳಿಸಿ ನೋಡಿದರು. ಹದಿನೈದು ದಿನದ ಮೇಲೆ ಹೇಗೆ ಹೋಗಿತ್ತೋ ಹಾಗೇ ವಾಪಸು ಬಂತು. ಒಂದು ಹಂಸವಿಲ್ಲ, ಹಂಸದ ರೆಕ್ಕೆಯೂ ಇಲ್ಲ. ಪೆನ್‌ಡ್ರೈವ್ ಅನ್ನುವ ಶಬ್ದವನ್ನು ಜಾಕಿರ್ ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲಿನದ್ದು ನಿಜವಾದ ಅನಾಹುತ. ಅಪ್ಪ ಓಣಿಯಲ್ಲಿ ಕಂಡಕಂಡವರಿಗೆಲ್ಲ, "ನನ್ನ ಮಗಳು ಬಂಗಾರದಂಥ ಮಿಷನ್ನು ತಂದ್ಕೊಟ್ಟಿದ್ಲು. ನಾನು ದಡ್ಡ, ನೀರು ಹಾಕಿ ಕೊಂದೆ," ಎಂದು ಹೇಳಿಕೊಂಡು ತಿರುಗತೊಡಗಿದ. ಹಳೆಯ ಡಿಸೈನು ಕೇಳಿಕೊಂಡು ಬಂದ ನೇಕಾರರಿಗೂ ಅದೇ ಮಾತು. ನನಗೆ ಫೋನು ಮಾಡಿ, "ನಿನ್ನ ದುಡ್ಡು ಹಾಳು ಮಾಡ್ದೆ, ಸಿಟ್ಟಾಗಬ್ಯಾಡವ್ವ," ಅಂದ. ನಾನು ಮಹಾ ಉದಾರಿ! "ಹೋಗ್ಲಿ ಬಿಡಪ್ಪಾ," ಎಂದು ಕ್ಷಮಿಸಿದೆ! ಎರಡು ತಿಂಗಳು ಕ್ಷಮಿಸುತ್ತಲೇ ಇದ್ದೆ. ನಾಚಿಕೆಯಾಗುತ್ತದೆ ಹೇಳಲು.

"ತಪ್ಪು ಯಾರದ್ದು ಅಂತ ಅವ್ರಿಗೆ ಹೇಳ್ತೀಯೋ, ನಾನು ಹೇಳ್ಲೋ?" ಎಂದರು, ಪೆನ್‌ಡ್ರೈವ್ ಬೇಡವೆಂದ ನನ್ನ ಜಂಬವನ್ನು ಆಗಲೇ ಕೇಳಿಸಿಕೊಂಡಿದ್ದ ನಮ್ಮ ಯಜಮಾನರು, ಈ ಸಲ ಪೇಪರ್ ಕೆಳಗಿಟ್ಟು.

ಭಾನುವಾರ ಮೊಳಕಾಲ್ಮೂರಿಗೆ ಹೋದೆ. ಅಪ್ಪ ಮಗ್ಗದಲ್ಲಿದ್ದ. ಹಳೆಯ ಕಾರ್ಡುಗಳು ಸವೆದುಹೋಗಿದ್ದವು. ಸೀರೆಗೆ ಹಂಸವೂ ಇಲ್ಲ, ನವಿಲೂ ಇಲ್ಲ, ಬರೀ ಎರಡು ಗೆರೆಯ ಅಂಚು. ಕಲಿಯುವ ಹುಡುಗರು ನೇಯುವಂಥದ್ದು. ಅವ್ವ ಪಕ್ಕದಲ್ಲಿ ರಾಟೆ ತಿರುಗಿಸುತ್ತಿದ್ದಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ದೊಡ್ಡ ಪೀಠಿಕೆಯನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬಂದೆ.

"ಅಪ್ಪಾ, ತಪ್ಪು ಒದ್ದೆ ಬಟ್ಟೆದಲ್ಲ. ಇನ್ನೊಂದು ಕಾಪಿ ಬೇರೆ ಇಟ್ಕಳ್ರಿ ಅಂತ ಅಂಗಡಿಯೋರು ಹೇಳಿದ್ರು. ನಾನೇ ಬ್ಯಾಡ ಅಂದೆ. ಕಾಪಿನೂ ಇಲ್ದೆ ನಿನ್ನ ಹಾಳೆ ಸುಟ್ಟೆ."

ಅಪ್ಪ ಲಾಳಿ ನಿಲ್ಲಿಸಲಿಲ್ಲ.

"ಗೊತ್ತವ್ವ. ಜೋಡಿಸೋಕೆ ಬಂದ ದಿನಾನೇ ಅವ್ರು ನನಗೂ ಹೇಳಿದ್ರು."

"ಮತ್ತೆ ನಾನು ಒಲೆಗೆ ಹಾಕುವಾಗ ಯಾಕಪ್ಪಾ ಬಾಯಿ ಬಿಡ್ಲಿಲ್ಲ?"

"ನಾನು ಮೂರನೇ ಕ್ಲಾಸು. ನೀನು ಓದ್ದೋಳು. ನಿನಗೆ ತಿಳೀದೇ ಇರ್ತೈತಾ, ಎಲ್ಲೋ ಇಟ್ಟಿರ್ತಾಳೆ ಅಂದ್ಕಂಡೆ."

ಹದಿನೈದು ವರ್ಷ ಕಂಪ್ಯೂಟರ್ ಕುಟ್ಟಿದವಳು ನೆಲದ ಮೇಲೆ ಕೂತು ಅತ್ತೆ. ಅವ್ವ ರಾಟೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಪ್ಪನ ಕಡೆ ತಿರುಗಿದಳು.

"ಆವತ್ತೇ ಬಡ್ಕಂಡೆ, ಇವಳ್ನ ಡಿಗ್ರಿಗೆ ಹಾಕೋ ಬದ್ಲು ಇನ್ನೊಂದು ಮಗ್ಗ ಹಾಕನ ಅಂತ. ಮಗ್ಗ ಆಗಿದ್ರೆ ನೀವು ಹೇಳಿದ್ದನ್ನಾದ್ರೂ ಕೇಳ್ತಿತ್ತು!"