ಸುಧನ್ವನ ಯುವಿ ಕೆಲಸ

ಅಹಮದಾಬಾದಿನ ಆ ಫ್ಲ್ಯಾಟಿಗೆ ಬಂದ ಹೊಸದರಲ್ಲಿ, ಏನು ಕೆಲಸವೆಂದು ಕೇಳಿದ ಕೆಳಮನೆಯ ಪೂರ್ವಿಬೆನ್‌ಗೆ ಖಗೋಳ ಸಂಶೋಧಕ ಸುಧನ್ವ ಸುಲಭವಾಗಲೆಂದು “ಯುವಿ ಲೈಟ್ ಕೆಲಸ” ಎಂದುಬಿಟ್ಟಿದ್ದ. ಅದೇ ತಪ್ಪಾಯಿತು.

ಆ ಶನಿವಾರ ಮಧ್ಯಾಹ್ನ ಅವನಿಗೆ ಆನ್‌ಲೈನ್ ಸಂದರ್ಶನವಿತ್ತು, ಟೆಲಿಸ್ಕೋಪಿನ ಸಮಯ ಹಂಚುವ ಸಮಿತಿಯ ಮುಂದೆ. ಸಮಯ ಸಿಕ್ಕರೆ ಸಂಶೋಧನೆ ಮುಂದುವರಿಯುತ್ತದೆ. ಇಲ್ಲವಾದರೆ ಫೆಲೋಶಿಪ್ ಮುಗಿದು ಊರಿನ ದಾರಿ.

ಬೆಳಿಗ್ಗೆ ಬಾಗಿಲು ತೆರೆದರೆ ಪೂರ್ವಿಬೆನ್, ಕಂಕುಳಲ್ಲಿ ಕೂಸಿನಂತೆ ನೀರಿನ ಫಿಲ್ಟರು. ಜೊತೆಗೆ ದುಭಾಷಿಯಾಗಿ ಎದುರುಮನೆಯ ಪ್ರೇಮಕ್ಕ. ಗಂಡನ ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದವರು.

“ಇದರಾಗಿನ ಯುವಿ ದೀಪ ಹತ್ತವಲ್ತಂತ. ನೀ ಅದ ಕೆಲಸ ಮಾಡ್ತಿಯಲ್ಲಪಾ, ಸ್ವಲ್ಪ ನೋಡು,” ಎಂದರು ಪ್ರೇಮಕ್ಕ.

“ನಂದು ಗ್ಯಾಲಕ್ಸಿ, ಪ್ರೇಮಕ್ಕ! ಅದರ ನಡುವೆ ಬ್ಲ್ಯಾಕ್ ಹೋಲ್ ಸುತ್ತ ಅನಿಲ ಧಗಧಗ ಉರೀತಿರುತ್ತೆ. ಧೂಳು ಅಡ್ಡ ಬಂದು ನಮಗೆ ಕಾಣಲ್ಲ. ಆದ್ರೆ ಬೆಳಕು ಮೇಲಿಂದ ತಪ್ಪಿಸಿಕೊಂಡು, ಪಕ್ಕದ ಮೋಡಕ್ಕೆ ಬಡಿದು ನಮ್ಮ ಕಡೆ ತಿರುಗುತ್ತೆ. ಹಾಗೆ ಬಂದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಲ್ಲಿ ಅಲುಗಾಡುತ್ತೆ. ಯುವಿಯಲ್ಲಿ, ಅಂದ್ರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕಲ್ಲಿ, ನಕ್ಷತ್ರಗಳ ಗಲಾಟೆ ಕಡಿಮೆ. ಅಲ್ಲಿ ಅದನ್ನ ಹಿಡಿದ್ರೆ ಒಳಗೇನಿದೆ ಅಂತ ಗೊತ್ತಾಗುತ್ತೆ.”

ಪ್ರೇಮಕ್ಕ ಇದನ್ನೆಲ್ಲ ತಮಗೆ ತಿಳಿದ ಗುಜರಾತಿಗೆ ಇಳಿಸಿದರು. ಪೂರ್ವಿಬೆನ್‌ಗೆ ದಕ್ಕಿದ್ದು ಒಂದೇ ಮಾತು.

“ಧೂಳ್! ಇದರೊಳಗೂ ಅದೇ!” ಎಂದು ಫಿಲ್ಟರನ್ನು ಅವನ ಲ್ಯಾಪ್‌ಟಾಪಿನ ಪಕ್ಕ ಇಟ್ಟೇಬಿಟ್ಟರು.

ಸುಧನ್ವನದು ಇಲ್ಲವೆನ್ನಲು ಬಾರದ ನಾಲಿಗೆ. ಬಿಚ್ಚಿದ, ಒರೆಸಿದ, ಸಡಿಲವಾಗಿದ್ದ ತಂತಿ ಬಿಗಿದ. ದೀಪ ಹತ್ತಿತು. ಸುದ್ದಿಯೂ ಹತ್ತಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಬಿಲ್ಡಿಂಗಿನ ಫಿಲ್ಟರುಗಳು ಅವನ ನಡುಮನೆಯಲ್ಲಿ ಊಟಕ್ಕೆ ಕಾದ ಬೀಗರಂತೆ ಸಾಲಾಗಿ ಕೂತಿದ್ದವು.

ಅವುಗಳ ನಡುವೆಯೇ ಸಂದರ್ಶನ ಶುರುವಾಯಿತು. ಮೊದಲು ತಡವರಿಸಿದರೂ ಗ್ಯಾಲಕ್ಸಿಯ ಮಾತು ಬಂದೊಡನೆ ಸುಧನ್ವ ಭಯ ಮರೆತ. ಸಮಿತಿಯ ಅಧ್ಯಕ್ಷ ಡಾ. ಹಾಲಪ್ಪನವರು ತಲೆದೂಗುತ್ತಿದ್ದರು. ಅಷ್ಟರಲ್ಲಿ ಬಾಗಿಲಿಂದ ಪ್ರೇಮಕ್ಕನ ದನಿ:

“ಸುಧನ್ವಾ, ಪೂರ್ವಿಬೆನ್ ಫಿಲ್ಟರ್ ಫಸ್ಟ್‌ಕ್ಲಾಸ್ ನಡದೈತಿ! ಮ್ಯಾಲಿನ ಮನಿಯವ್ರದು ಯಾವಾಗ ಕೊಡ್ತಿ?”

ಮೈಕು ತೆರೆದೇ ಇತ್ತು. ಪರದೆಯ ಮೇಲಿನ ಮುಖಗಳೆಲ್ಲ ಗಂಭೀರವಾದವು. ಹಾಲಪ್ಪನವರು ಉಳಿದವರನ್ನೆಲ್ಲ ಕಳಿಸಿ, “ನೀವಿರಿ,” ಎಂದರು.

“ನಿಮ್ಮ ಪ್ರಸ್ತಾವ ಬಹಳ ಚೆನ್ನಾಗಿದೆ.” ಹಾಲಪ್ಪನವರು ಕನ್ನಡಕ್ಕಿಳಿದರು.

“ಥ್ಯಾಂಕ್ಯೂ ಸರ್! ಹಾಗಾದ್ರೆ ಟೆಲಿಸ್ಕೋಪು...”

“ಮುಂದಿನ ವರ್ಷ ನೋಡೋಣ. ಗ್ಯಾಲಕ್ಸಿ ಎಲ್ಲಿಗೂ ಓಡಿಹೋಗಲ್ಲ.” ಅವರು ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. “ನಾನಿರೋದೂ ಇದೇ ಊರಲ್ಲೇ, ಬೋಪಲ್ ಬಡಾವಣೆಯಲ್ಲಿ. ಫಿಲ್ಟರ್ ಕೆಟ್ಟಾಗಿನಿಂದ ಮನೆಯವರು ನನ್ನ ಹತ್ರ ಮಾತಾಡ್ತಿಲ್ಲ. ಸಂಜೆ ಬರ್ತೀರಾ? ಸ್ಕ್ರೂಡ್ರೈವರ್ ನಮ್ಮಲ್ಲೇ ಇದೆ.”