ಹನ್ನೊಂದು ರವಿವಾರದ ಭಕ್ರಿ

ನಾಚಿಕೆಪಡುವುದಕ್ಕೆ ಒಂದು ವಯಸ್ಸಿರುತ್ತದೆ, ಅದು ಹದಿನೆಂಟಕ್ಕೋ ಇಪ್ಪತ್ತಕ್ಕೋ ಮುಗಿದುಹೋಗುತ್ತದೆ ಎಂದು ನಾನು ತಿಳಿದಿದ್ದೆ. ಆಮೇಲೆ ಮನುಷ್ಯನಿಗೆ ಸಂಸಾರ, ವ್ಯಾಪಾರ, ಮಂಡಿನೋವು ಬರುತ್ತವೆಯೇ ಹೊರತು ನಾಚಿಕೆ ಬರುವುದಿಲ್ಲ. ಐವತ್ತೆರಡು ತುಂಬಿದ ಮೇಲೆ, ಅಕ್ಕಲಕೋಟೆಯ ಒಂದು ಲಾಡ್ಜಿನ ಮಹಡಿಯಲ್ಲಿ, ಒಂದು ಭಕ್ರಿಯ ದೆಸೆಯಿಂದ ನನ್ನ ಕಿವಿ ಕೆಂಪಾಗುವವರೆಗೂ ಈ ನಂಬಿಕೆ ಗಟ್ಟಿಯಾಗಿಯೇ ಇತ್ತು. ಯಾರಿಗೂ ಹೇಳಬಾರದೆಂದಿದ್ದೆ. ಆದರೆ ಹೊಟ್ಟೆಯಲ್ಲಿಟ್ಟುಕೊಂಡರೆ ಜೀರ್ಣವಾಗುತ್ತಿಲ್ಲ, ಅದಕ್ಕೆ ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಸೊಲ್ಲಾಪುರದಲ್ಲಿ ನನ್ನದೊಂದು ಶಾಲಾ ಯೂನಿಫಾರ್ಮು ಹೊಲಿಯುವ ಕಾರ್ಖಾನೆಯಿದೆ. ಕಾರ್ಖಾನೆ ಎನ್ನುವುದು ಬೋರ್ಡಿನ ಮೇಲಿನ ಮಾತು. ಒಳಗೆ ಇರುವುದು ಹನ್ನೆರಡು ಮಷೀನು, ಒಬ್ಬ ಕಟಿಂಗ್ ಮಾಸ್ತರ, ಮತ್ತು ಎಲ್ಲದರಲ್ಲೂ ಕೈಹಾಕಿ ಎಲ್ಲವನ್ನೂ ತಡಮಾಡುವ ನಾನು. ಜೂನಿನಲ್ಲಿ ಶಾಲೆ ಶುರುವಾಗುವುದರಿಂದ ಮೇ ತಿಂಗಳಿಡೀ ನಾನು ಮನೆಯವರ ಕಣ್ಣಿಗೆ ಬೀಳುತ್ತಿರಲಿಲ್ಲ. ಉಳಿದ ಹನ್ನೊಂದು ತಿಂಗಳು ಬೀಳುತ್ತಿದ್ದೆನೇ ಎಂದು ದಯವಿಟ್ಟು ಕೇಳಬೇಡಿ. ಹೀಗಿರುವಾಗ ಅಕ್ಕಲಕೋಟೆಯಲ್ಲಿ ಲಾಡ್ಜು ನಡೆಸುವ ಮಲ್ಲಣ್ಣ ನನ್ನನ್ನು ತಮ್ಮ ‘ಸಲ್ಲಾ ಮಂಡಳ’ಕ್ಕೆ ಸೇರಿಸಿಕೊಂಡರು. ಸಣ್ಣ ಧಂದೆಯ ಹತ್ತು ಮಂದಿ ತಿಂಗಳಿಗೊಮ್ಮೆ ಅವರ ಲಾಡ್ಜಿನ ಮಹಡಿಯಲ್ಲಿ ಕೂಡುವುದು, ಒಬ್ಬೊಬ್ಬರೂ ತಮ್ಮ ಒಂದು ತೊಡಕನ್ನು ಮುಚ್ಚುಮರೆಯಿಲ್ಲದೆ ಹೇಳುವುದು, ಉಳಿದವರು ಸಲಹೆ ಕೊಡುವುದು. ಆ ಸಲಹೆಗೇ ಮರಾಠಿಯಲ್ಲಿ ಸಲ್ಲಾ ಎನ್ನುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುವವರು ನಾವು. ಹೆಸರು ಕೇಳಿದ್ದೇ ನನ್ನ ಹೆಂಡತಿ ಗೌರಿ, "ನಿಮಗ ಯಾರ ಮಾತೂ ಸಲ್ಲಂಗಿಲ್ಲ. ಹೆಸರು ಬರೋಬರಿ ಇಟ್ಟಾರ, ಹೋಗ್ರಿ" ಎಂದಳು.

ಮಂಡಳದಿಂದ ಉಪಕಾರವಾಗಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಮೇ ತಿಂಗಳ ನನ್ನ ಗೋಳನ್ನು ಕೇಳಿ ಮೊದಲು ಬಾಯಿ ಬಿಟ್ಟವರು ಅಂಬಕ್ಕ. ಎಂಟು ಹೆಂಗಸರನ್ನು ಕಟ್ಟಿಕೊಂಡು ಶೇಂಗಾ ಚಟ್ನಿ, ಕಡಕ್ ಭಕ್ರಿ ಮಾಡಿ ಮಾರುವಾಕೆ. ಕಡಕ್ ಭಕ್ರಿ ಎಂದರೆ ಹಪ್ಪಳದ ಹಾಗೆ ಗರಿಗರಿಯಾಗಿ ಒಣಗಿಸಿದ ರೊಟ್ಟಿ, ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. "ಅಳತಿ ಮೇದಾಗ ಯಾಕ ತಗೋತೀರಿ ಮಾಲಕ್ರ? ಸಾಲಿ ನಡದಾಗನ, ಫೆಬ್ರುವಾರಿಯೊಳಗ ಹೋಗಿ ತಗೋರಿ. ಒಂದಿಂಚು ಬಿಟ್ಟು ಹೊಲೀರಿ. ಹುಡುಗ್ರು ಬೆಳೀತಾವ, ನಿಮ್ಮ ಟೇಪು ಬೆಳೆಯಂಗಿಲ್ಲ" ಎಂದರು. ಇಪ್ಪತ್ತೈದು ವರ್ಷ ಮಕ್ಕಳ ಮೈಯಳತೆ ತೆಗೆದ ನನಗೆ ಮಕ್ಕಳು ಬೆಳೆಯುತ್ತವೆ ಎಂಬುದನ್ನು ಭಕ್ರಿ ಮಾಡುವಾಕೆ ಹೇಳಿಕೊಡಬೇಕಾಯಿತು. ಇನ್ನೊಬ್ಬರು ಕಟಿಂಗನ್ನು ಪೂರ್ತಿ ಮಾಸ್ತರನಿಗೆ ಬಿಡಿ ಎಂದರು. ಬಿಟ್ಟೆ. ಆ ವರ್ಷ ಎರಡು ಹೊಸ ಶಾಲೆಗಳ ಕೆಲಸ ಬಂತು, ಮೇ ತಿಂಗಳಲ್ಲಿ ನಿದ್ದೆಯೂ ಬಂತು.

ಇಷ್ಟಕ್ಕೇ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಅಂಬಕ್ಕ ಬಿಡಲಿಲ್ಲ. "ಧಂದೆ ಸುಧಾರಿಸ್ತು. ಮನಿ ಹ್ಯಾಂಗದ? ಮಗಳು ಯಾವ ಇಯತ್ತೆ?" ಎಂದು ಕೇಳಿದರು. ಏಳನೆಯ ಇಯತ್ತೆ ಎಂದು ಠೀವಿಯಿಂದ ಹೇಳಿದೆ. ಮನೆಗೆ ಬಂದು ವಿಚಾರಿಸಿದರೆ ಒಂಬತ್ತನೆಯದು. ಅವಳ ಯೂನಿಫಾರ್ಮು ಹೊಲಿಸುವವನೂ ನಾನೇ! ಅಂತೂ ಮಂಡಳ ನನಗೊಂದು ಹೋಮ್‌ವರ್ಕು ಕೊಟ್ಟಿತು. ಪ್ರತಿ ರವಿವಾರ ಮಧ್ಯಾಹ್ನ ಹೆಂಡತಿ ಮಗಳ ಜೊತೆ ಕೂತು ಉಣ್ಣಬೇಕು, ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು.

ಮೊದಲನೆಯ ರವಿವಾರ ನಿಜವಾಗಿ ಉಂಡೆ. ಎರಡನೆಯ ರವಿವಾರ ತಾಟಿನ ಮುಂದೆ ಕೂತಾಗ ಫೋನು ಬಂತು. ಮಗಳು ಸಹನಾ ಫೋಟೋ ತೆಗೆದಾಗಿತ್ತು, ನಾನು ಎದ್ದು ಕಾರ್ಖಾನೆಗೆ ಹೋದೆ. ಮೂರನೆಯ ವಾರದಿಂದ ಫೋನು ಬರುವುದಕ್ಕೂ ಕಾಯಲಿಲ್ಲ. ಕೂಡುವುದು, ನಗುವುದು, ಏಳುವುದು. ಬಿಸಿ ರೊಟ್ಟಿ ನನ್ನ ತಾಟಿನಲ್ಲಿ ಸುಮ್ಮನೆ ಆರುವುದನ್ನು ಎರಡು ವಾರ ನೋಡಿದ ಗೌರಿ, ಡಬ್ಬಿಯಿಂದ ಒಂದು ಕಡಕ್ ಭಕ್ರಿ ತೆಗೆದು ಇಡತೊಡಗಿದಳು. ಫೋಟೋ ಆದ ಮೇಲೆ ಅದು ವಾಪಸು ಡಬ್ಬಿಗೆ. ಗ್ರೂಪಿನಲ್ಲಿ ಮಾತ್ರ ಕೈಮುಗಿಯುವ ಚಿತ್ರಗಳೇನು, ಹೂಗುಚ್ಛಗಳೇನು! ನೋಡಿ ನೋಡಿ, ನಾನು ಮನೆಯಲ್ಲೇ ಉಣ್ಣುತ್ತಿದ್ದೇನೆಂದು ನನಗೂ ಅನ್ನಿಸಹತ್ತಿತು.

ಕೊನೆಗೆ ಮಲ್ಲಣ್ಣ, "ಹೊಸಬರು ಬರಾಕತ್ತ್ಯಾರ, ಮನಿ ಮತ್ತ ಧಂದೆ ಸಂಭಾಳಿಸೂದು ಹ್ಯಾಂಗ ಅಂತ ನೀವ ಹೇಳ್ರಿ. ವೈನಿಯವರನ್ನೂ ಕರಕೊಂಡು ಬರ್ರಿ" ಎಂದರು. ವೈನಿ ಎಂದರೆ ಅತ್ತಿಗೆ, ಅಂದರೆ ನನ್ನ ಗೌರಿ. ಮಗಳಿಗೆ ಪರೀಕ್ಷೆ ಇತ್ತು, ನಾವಿಬ್ಬರೇ ಬಸ್ಸು ಹತ್ತಿದೆವು. ನಾನು ಅರ್ಧ ಗಂಟೆ ಮಾತಾಡಿದೆ. ಕೂಡಿ ಉಣ್ಣುವ ಸುಖದ ಬಗ್ಗೆ ಹೇಳುವಾಗ ಕರವಸ್ತ್ರ ತೆಗೆದು ಕಣ್ಣನ್ನೂ ಒರೆಸಿಕೊಂಡೆ. ಗೌರಿ ಹಿಂದಿನ ಕುರ್ಚಿಯಲ್ಲಿ ಕೂತು ಸೆರಗಿನ ಅಂಚನ್ನು ನೋಡುತ್ತಿದ್ದಳು.

ಚಪ್ಪಾಳೆ ನಿಂತ ಮೇಲೆ ಅಂಬಕ್ಕ ತಮ್ಮ ಫೋನು ಹಿಡಿದು ಎದ್ದರು. "ಮಾಲಕ್ರ, ಒಂದು ಮಾತು. ಹನ್ನೊಂದು ರವಿವಾರ ಆತು, ನಿಮ್ಮ ತಾಟಿನ್ಯಾಗ ಅದೇ ಭಕ್ರಿ ಅದ. ನೋಡ್ರಿ, ಮಗ್ಗಲಿಗೆ ಮುರದದ್ದು, ನಡುವ ಎರಡು ಸುಟ್ಟ ಕಲೆ. ಭಕ್ರಿ ಮಾರಾಕಿ ಅದೀನ್ರಿ ನಾ, ನನಗ ಗುರ್ತು ಹತ್ತಂಗಿಲ್ಲೇನು?"

ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು, ಆದರೆ ಅದರ ಕೆಳಗೆ ಲಾಡ್ಜಿನ ಗಿರಾಕಿಗಳಿದ್ದರು. ಆಗ ಹಿಂದಿನಿಂದ ಗೌರಿಯ ದನಿ ಬಂತು. "ಇವರಿಗೆ ಹಲ್ಲು ನೋವ್ರಿ ಅಕ್ಕಾರ. ಭಕ್ರಿ ಕಡಿಯಾಕ ಆಗಂಗಿಲ್ಲ. ಆದ್ರ ತಾಟಿನ್ಯಾಗ ಭಕ್ರಿ ಇರ್ಲಿಲ್ಲಂದ್ರ ಊಟ ಅನಸಂಗಿಲ್ಲ ಅಂತಾರ. ಅದಕ್ಕ ಅದನ್ನ ನೋಡ್ಕೋತ ಅನ್ನ ಉಣ್ತಾರ್ರಿ."

ಮಂಡಳಕ್ಕೆ ಹೋದ ಜೀವ ಬಂದಂತಾಯಿತು. ಸಲಹೆ ಕೊಡುವವರಿಗೆ ಹಲ್ಲುನೋವಿಗಿಂತ ಒಳ್ಳೆಯ ತೊಡಕು ಇನ್ನೇನು ಬೇಕು? ಒಬ್ಬರು ಲವಂಗ ಎಂದರು, ಒಬ್ಬರು ಉಪ್ಪುನೀರು ಎಂದರು, ಮಲ್ಲಣ್ಣ ಹಲ್ಲಿನ ಡಾಕ್ಟರಾದ ತಮ್ಮ ಅಳಿಯನಿಗೆ ಅಲ್ಲಿಂದಲೇ ಫೋನು ಮಾಡಿದರು. ನಾನು ಕೆನ್ನೆ ಹಿಡಿದುಕೊಂಡು ನಿಂತೆ. ಹಿಡಿದುಕೊಳ್ಳದೆ ಗತಿಯಿರಲಿಲ್ಲ. ಅಂಬಕ್ಕ ಮಾತ್ರ ಗೌರಿಯನ್ನು ಒಂದು ಗಳಿಗೆ ನೋಡಿ, ಫೋನನ್ನು ಚೀಲಕ್ಕೆ ಹಾಕುತ್ತ, "ವೈನಿ, ನಿಮ್ಮ ಹಲ್ಲು ಭಾಳ ಗಟ್ಟಿ ಅವ. ಎಷ್ಟು ಕಚ್ಚಿ ಹಿಡದೀರಿ!" ಎಂದರು.

ವಾಪಸು ಬಸ್ಸು ಅರ್ಧ ದಾರಿಗೆ ಬಂದಿತ್ತು. ಕೊನೆಗೆ, "ಸುಳ್ಳು ಯಾಕ ಹೇಳಿದಿ?" ಎಂದು ಕೇಳಿದೆ. "ಹನ್ನೊಂದು ವಾರ ನಿಮ್ಮ ಸುಳ್ಳಿಗೆ ತಾಟು ಬಡಿಸಿದಾಕಿ ನಾನು. ನಾಲ್ಕು ಮಂದ್ಯಾಗ ನಾ ಒಬ್ಬಾಕಿನ ಸತ್ಯವಂತಿ ಆಗ್ಲೇನು?" ಎಂದಳು. ಆಮೇಲೆ, "ನೀವಿಲ್ಲದ ಉಣ್ಣೂದು ನನಗೂ ಸಹನಾಗೂ ರೂಢಿ ಆಗ್ಯದ ಬಿಡ್ರಿ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಎಂದಿನಂತೆ ತಿರುಗಿ ಬೀಳಬಹುದಿತ್ತು. ಮಂಡಳದೆದುರು ಸಿಕ್ಕಿಬಿದ್ದಾಗ ಆದ ನಾಚಿಕೆ ಈ ಮಾತಿನ ಮುಂದೆ ಏನೂ ಅಲ್ಲ.

ಮರುವಾರವೇ ನಾನು ಕಾರ್ಖಾನೆಯ ಬೀಗದ ಕೈಯನ್ನು ಮಾಸ್ತರನಿಗೆ ಕೊಟ್ಟು, ಫೋನನ್ನು ಮಗಳ ಕೈಗೆ ಕೊಟ್ಟು, ಚಕ್ಕಳಮಕ್ಕಳ ಹಾಕಿ ತಾಟಿನ ಮುಂದೆ ಕೂತೆ. ಸಹನಾ ಫೋಟೋ ತೆಗೆದು, "ಆತು ಪಪ್ಪಾ, ಏಳ್ರಿ" ಎಂದು ಭಕ್ರಿಯನ್ನು ಡಬ್ಬಿಗೆ ಹಾಕಲು ಕೈಚಾಚಿದಳು. ನಾನು ತಾಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇಲ್ಲವ್ವಾ, ಇವತ್ತು ಉಣ್ತೀನಿ" ಎಂದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಲೆಯ ಮೇಲೆ ಇಬ್ಬರಿಗಾಗುವಷ್ಟೇ ಪಲ್ಯವಿತ್ತು. ಗೌರಿ ಎದ್ದು ಹಿಟ್ಟಿನ ಡಬ್ಬಿಗೆ ಕೈಹಾಕಿದಳು. ಮಗಳು ಮಾತ್ರ ನಂಬಲಿಲ್ಲ. "ಯಾಕ ಪಪ್ಪಾ, ಈಗ ವಿಡಿಯೋ ಬೇಕಂತೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನನ್ನು ಅಡ್ಡ ಹಿಡಿದಳು.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಕೈ ತಾನಾಗಿಯೇ ಮೇಲೆದ್ದು ಮೀಸೆ ಸರಿಮಾಡಿಕೊಂಡಿತು.